12,000 ವರ್ಷ ಹಳೆಯ "ಸೂರ್ಯ ಪಿರಮಿಡ್ಡು" ನೋಡೋಕೆ ದುಡ್ಡು ಕಟ್ಟಬೇಡಿ, ಅದು ಜಂಬಿಟ್ಟಿಗೆ ಕ್ವಾರಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು, ರಜೆಗೆ ಬೆಂಗಳೂರಿನಿಂದ ಊರಿಗೆ ಬರುವವರು, ದಯವಿಟ್ಟು ಪೂರ್ತಿ ಓದಿ. "ಮಲೆನಾಡಿನ ಕಾಡಿನಲ್ಲಿ 12,000 ವರ್ಷ ಹಳೆಯ ಸೂರ್ಯ ಪಿರಮಿಡ್ಡು" ಎಂದು ಹೇಳಿಕೊಂಡು ಒಂದು ತಂಡ ಜನರನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದೆ. ತಲೆಗೆ 1,800 ರೂಪಾಯಿ. ಮಕ್ಕಳಿಗೂ ಅಷ್ಟೇ. ಅಲ್ಲಿ ಪಿರಮಿಡ್ಡು ಇಲ್ಲ. ಹಳೆಯ ಜಂಬಿಟ್ಟಿಗೆ (ಗೋಡೆ ಕಟ್ಟುವ ಕೆಂಪು ಮುರಕಲ್ಲು) ಕ್ವಾರಿ ಇದೆ, ಪಕ್ಕದಲ್ಲಿ ಒಂದು ಅಗಳು, ಅಂದರೆ ಕಂದಕ ಇದೆ, ಜಮೀನಿನ ಗಡಿಗೆ ನೆಟ್ಟ ಒಂದು ಲಿಂಗಮುದ್ರೆ ಕಲ್ಲು ಇದೆ. ಇಷ್ಟೇ ಇರುವುದು.

ಊರಿನ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ನಾಳೆ ನಿಧಿಗಳ್ಳರು ಹಾರೆ ಹಿಡಿದು ಅಲ್ಲಿರುತ್ತಾರೆ. ಈಗಾಗಲೇ ಲಿಂಗಮುದ್ರೆ ಕಲ್ಲಿನ ಬುಡದಲ್ಲಿ ಯಾರೋ ಮೊಣಕಾಲುದ್ದ ಗುಂಡಿ ತೆಗೆದಿದ್ದಾರೆ.

ಇಂಥ ಟ್ರಿಪ್ಪುಗಳು ಹೇಗೆ ನಡೆಯುತ್ತವೆ ಅಂತ ನಿಮಗೆ ಗೊತ್ತೇ ಇದೆ. ಮೊದಲು ಡ್ರೋನ್ ವಿಡಿಯೋ, ಹಿಂದೆ ಶಂಖದ ಸದ್ದು. ಆಮೇಲೆ ವಾಟ್ಸಾಪ್ ಗುಂಪು, "ಇನ್ನು ನಾಲ್ಕೇ ಸೀಟು" ಎಂಬ ಮೆಸೇಜು, ಯುಪಿಐ ಕೋಡು. ನಾನು ಅತ್ತೆಯನ್ನು, ಮಗನನ್ನು, ಊರಿನ ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿದ್ದೆ. ಮಗ ಒಂಬತ್ತನೇ ಕ್ಲಾಸು, ಇತಿಹಾಸ ಎಂದರೆ ಪ್ರಾಣ. ಅದಕ್ಕೇ ಹೋಗಿದ್ದು. ಆ ಹುಡುಗನಿಗೆ ಅವರು ಹೇಳಿಕೊಟ್ಟದ್ದು ಪೂರಾ ಸುಳ್ಳು. ಸಿಟ್ಟು ಜಾಸ್ತಿ ಬರುವುದು ದುಡ್ಡಿಗಲ್ಲ, ಅದಕ್ಕೆ.

ಜೀಪ್ ಇಳಿದು ಸ್ವಲ್ಪ ಹತ್ತಿದರೆ ಗುಡ್ಡದ ಒಂದು ಬದಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕೆಂಪು ಕಲ್ಲು, ಮೇಲೆ ಪಾಚಿ, ಮೂಲೆಗಳು ನೇರ. ನಿಜಕ್ಕೂ ಚೆಂದ ಇದೆ. ಗೈಡ್ ಅಲ್ಲಿ ನಿಂತು ಕೈ ಮುಗಿದು, ಎಲ್ಲರೂ ಚಪ್ಪಲಿ ಬಿಡಿ ಎಂದ. ಜಿಗಣೆ ಇರುವ ಜಾಗದಲ್ಲಿ ಎಪ್ಪತ್ತು ದಾಟಿದ ಅತ್ತೆ ಬರಿಗಾಲಲ್ಲಿ ನಿಂತರು. "ಮನುಷ್ಯರು ಇಷ್ಟು ನೇರವಾಗಿ ಕತ್ತರಿಸೋಕೆ ಸಾಧ್ಯವೇ ಇಲ್ಲ, ಇದು ಕಳೆದುಹೋದ ತಂತ್ರಜ್ಞಾನ" ಎಂದ. ಅಗಳನ್ನು ತೋರಿಸಿ "ಶಕ್ತಿ ಹರಿಯುವ ಕಾಲುವೆ" ಎಂದ. ಲಿಂಗಮುದ್ರೆ ಕಲ್ಲನ್ನು ತೋರಿಸಿ "ನಕ್ಷತ್ರ ನಕ್ಷೆ" ಎಂದ.

ಚಿಕ್ಕಪ್ಪ ಆ ಕಲ್ಲಿನ ಹತ್ತಿರ ಹೋಗಿ ಪಾಚಿಯನ್ನು ಅಂಗೈಯಿಂದ ಒರೆಸಿದರು. ಮೇಲೆ ಒಂದು ಬದಿ ಸೂರ್ಯ, ಇನ್ನೊಂದು ಬದಿ ಚಂದ್ರ, ನಡುವೆ ಲಿಂಗ. "ಇದು ಲಿಂಗಮುದ್ರೆ ಕಲ್ಲು ಮಾರಾಯಾ, ನಮ್ಮ ತೋಟದ ಅಂಚಿನಲ್ಲೂ ಒಂದಿದೆ" ಎಂದರು. ಗೈಡ್ ನಕ್ಕ. "ಯಜಮಾನ್ರೇ, ನಿಮಗೆ ಎಲ್ಲಾ ಕಲ್ಲೂ ಗಡಿಕಲ್ಲೇ. ನೋಡೋ ಕಣ್ಣು ಬೇಕು" ಎಂದ. ಎಲ್ಲರೂ ನಕ್ಕರು. ಚಿಕ್ಕಪ್ಪ ಸುಮ್ಮನಾದರು. ನನ್ನ ಮಾತಿಗೆ ಬೆಲೆ ಕೊಟ್ಟು ಬಂದ ಮನುಷ್ಯ ಅವರು. ಆ ನಗು ನನಗೆ ಇನ್ನೂ ಚುಚ್ಚುತ್ತದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಿಂದೆ ರಾಜರು ಶಿವನ ದೇವಸ್ಥಾನಕ್ಕೋ ಮಠಕ್ಕೋ ಜಮೀನು ಬಿಟ್ಟಾಗ ಅದರ ಗಡಿಗೆ ಲಿಂಗಮುದ್ರೆ ಕಲ್ಲು ನೆಡುತ್ತಿದ್ದರು. ಬ್ರಾಹ್ಮಣರಿಗೆ ಬಿಟ್ಟ ಜಮೀನಿಗೆ ವಾಮನಮುದ್ರೆ, ಜೈನ ಬಸದಿಯದ್ದಾದರೆ ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ). ಸೂರ್ಯ ಚಂದ್ರ ಯಾಕೆ ಅಂದರೆ, ಅವರಿರುವ ತನಕ ಈ ದಾನ ನಡೆಯಲಿ ಅಂತ. ಶಿವಮೊಗ್ಗ ಜಿಲ್ಲೆಯ ತುಂಬಾ ಇಂಥ ಕಲ್ಲುಗಳಿವೆ. ಕೆಳದಿ ಅರಸರ ಕಾಲದವೇ ಬೇಕಾದಷ್ಟು. ಗದ್ದೆ ಬದುವಿನಲ್ಲಿ, ತೋಟದ ಬೇಲಿಯಲ್ಲಿ ಸಿಗುತ್ತವೆ. ಯಾರದೋ ಜಮೀನಿನ ಪತ್ರ ಅದು, ಕಲ್ಲಿನಲ್ಲಿ ಬರೆದದ್ದು. ಅದನ್ನು ನಕ್ಷತ್ರ ನಕ್ಷೆ ಎಂದು 1,800 ರೂಪಾಯಿಗೆ ಮಾರುತ್ತಿದ್ದಾರೆ.

ಮಧ್ಯಾಹ್ನ ಊಟ ಗುಡ್ಡದ ಬುಡದ ಒಂದು ಮನೆಯಲ್ಲಿ. ಮನೆಯವರು ಪಾಪ ಒಳ್ಳೆಯವರು, ಅನ್ನ, ತಂಬುಳಿ, ಅಪ್ಪೆಹುಳಿ ಬಡಿಸಿದರು. ಕೈ ತೊಳೆಯಲು ಹಿಂದೆ ಹೋದಾಗ ಮಗ ಕೂಗಿದ, "ಅಮ್ಮಾ, ಇಲ್ಲಿ ನೋಡು." ಕೊಟ್ಟಿಗೆಯ ಗೋಡೆ. ಗಾರೆ ಬಳಿದಿಲ್ಲ, ಬರೀ ಜಂಬಿಟ್ಟಿಗೆ ಕಲ್ಲು. ಪ್ರತಿ ಕಲ್ಲಿನ ಮೇಲೂ ಓರೆ ಓರೆ ಗೀರು, ಬೆರಳು ಕೂರುವಷ್ಟು ಅಗಲ, ಒಂದರ ಪಕ್ಕ ಒಂದು. ಬೆಳಿಗ್ಗೆ ಗೈಡ್ ಟಾರ್ಚ್ ಹಾಕಿ "ಯಂತ್ರದ ಗುರುತು" ಎಂದು ತೋರಿಸಿದನಲ್ಲ, ಅದೇ ಗೀರು. ಅದೇ ಅಗಲ, ಅದೇ ಓರೆ. ನಾನು ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಕೈಕಾಲು ತಣ್ಣಗಾಯಿತು.

ಮನೆಯೊಡತಿಯನ್ನು ಚಿಕ್ಕಪ್ಪನೇ ಕೇಳಿದರು, "ಅಮ್ಮಾ, ಈ ಕಲ್ಲು ಎಲ್ಲಿಂದ ತಂದಿದ್ದು?" ಅವರು ಗುಡ್ಡದ ಕಡೆ ಕೈ ತೋರಿಸಿದರು. "ಅಲ್ಲೇ ಮೇಲಿಂದ. ನಮ್ಮ ಮಾವನವರ ಕಾಲದ ತನಕ ಪಿಕಾಸಿಯಲ್ಲಿ ಕಡೀತಿದ್ರು. ಈ ಸುತ್ತಿನ ಎಲ್ಲಾ ಮನೆಯ ಗೋಡೆ, ಬಾವಿಕಟ್ಟೆ ಅಲ್ಲಿಂದೇ ಬಂದಿದ್ದು." ಅವರಿಗೆ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಗೈಡನ್ನು ಬಿಟ್ಟು ಬೇರೆ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಅತ್ತೆ ಅಷ್ಟರಲ್ಲಿ "ಶಿಲಾ ಸಂರಕ್ಷಣೆ" ಡಬ್ಬಿಗೆ 501 ರೂಪಾಯಿ ಹಾಕಿ ಆಗಿತ್ತು. ಅಲ್ಲಿನ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದರು. ಅವರಿಗೆ ಏನಂತ ಹೇಳಲಿ?

ಮೆಟ್ಟಿಲಿನ ವಿಷಯ ಇದರಲ್ಲೇ ಮುಗಿಯಿತು. ಜಂಬಿಟ್ಟಿಗೆ ನೆಲದಲ್ಲಿದ್ದಾಗ ಮೆದು, ತೆಗೆದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ. ಸಾಲು ಸಾಲಾಗಿ ಕಡಿದು ತೆಗೆಯುತ್ತಾ ಹೋದರೆ ಉಳಿಯುವ ಜಾಗ ಮೆಟ್ಟಿಲಿನ ಹಾಗೇ ಇರುತ್ತದೆ. ಬ್ರಿಟಿಷರ ಕಾಲದ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಡಿಪುರಂನಲ್ಲಿ ಇದೇ ಕಲ್ಲನ್ನು ನೋಡಿ, ಕಬ್ಬಿಣದ ಹತಾರದಲ್ಲಿ ಕಡಿದು ತೆಗೆಯುತ್ತಾರೆ, ಆಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ ಎಂದು ಬರೆದದ್ದು 1807ರಲ್ಲೇ ಅಚ್ಚಾಗಿದೆ. ಕಳೆದುಹೋದ ತಂತ್ರಜ್ಞಾನ ಅಂತೆ! ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇವತ್ತಿಗೂ ಲಾರಿಗಟ್ಟಲೆ ಕಡಿಯುತ್ತಿದ್ದಾರೆ, ಈಗ ಮೆಷಿನ್ ಬಂದಿದೆ ಅಷ್ಟೇ. ಇನ್ನೊಂದು ಮಾತು, 12,000 ವರ್ಷದ ಹಿಂದೆ ಕಬ್ಬಿಣವನ್ನು ಕಾಯಿಸಿ ಬಡಿಯಲು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಿಕಾಸಿ ಗೀರು ಎಲ್ಲಿಂದ ಬಂತು?

ಈಗ ಮುಖ್ಯ ವಿಷಯ, ಆ "ವರದಿ". ಲ್ಯಾಮಿನೇಶನ್ ಮಾಡಿದ ಒಂದು ಹಾಳೆಯನ್ನು ಎಲ್ಲರ ಕೈಗೂ ಕೊಟ್ಟು ವಾಪಸ್ ತೆಗೆದುಕೊಂಡರು, ಫೋಟೋ ತೆಗೆಯಲು ಬಿಡಲಿಲ್ಲ. ಅದರಲ್ಲಿ ಇದ್ದದ್ದು, "ಕಾರ್ಬನ್ ಡೇಟಿಂಗ್, ಮಾದರಿ: ಕಲ್ಲು." ಕಲ್ಲು! ಕಾರ್ಬನ್ ಡೇಟಿಂಗ್ ಆಗುವುದು ಒಂದು ಕಾಲಕ್ಕೆ ಜೀವ ಇದ್ದ ವಸ್ತುವಿಗೆ. ಮರ, ಇದ್ದಿಲು, ಮೂಳೆ, ಸುಟ್ಟ ಕಾಳು. ಸತ್ತ ಮೇಲೆ ಅದರೊಳಗಿನ ಕಾರ್ಬನ್-14 ಸುಮಾರು 5,730 ವರ್ಷಕ್ಕೆ ಅರ್ಧವಾಗುತ್ತದೆ, ಅದನ್ನು ಅಳೆದು ಲೆಕ್ಕ ಹಾಕುತ್ತಾರೆ. ಸುಮಾರು 50,000 ವರ್ಷದ ಆಚೆಗೆ ಅಳೆಯಲು ಏನೂ ಉಳಿದಿರುವುದಿಲ್ಲ. ಬಂಡೆಗೆ ಇದನ್ನು ಮಾಡಲಿಕ್ಕೇ ಬರುವುದಿಲ್ಲ. ಹೋಗಲಿ, ಬೇರೆ ದಾರಿಯಲ್ಲಿ ಬಂಡೆಯ ವಯಸ್ಸು ಅಳೆದರೂ ಸಿಗುವುದು ಬಂಡೆಯ ವಯಸ್ಸೇ, ಕಡಿದವರ ಕಾಲ ಅಲ್ಲ. ಶಿವಮೊಗ್ಗ ಸುತ್ತಿನ ಹಳೆಯ ಬಂಡೆಗಳು 250 ಕೋಟಿ ವರ್ಷಕ್ಕೂ ಹಿಂದಿನವು. ಹಾಗಂತ ನಮ್ಮನೆ ಅಂಗಳದ ಚಪ್ಪಡಿ 250 ಕೋಟಿ ವರ್ಷದ ಹಿಂದೆ ಹಾಸಿದ್ದು ಅನ್ನೋಕಾಗುತ್ತಾ?

ಮನೆಗೆ ಬಂದ ಮೇಲೆ ಗುಂಪಿನಲ್ಲಿ ಮರ್ಯಾದೆಯಾಗಿಯೇ ಕೇಳಿದೆ. ಯಾವ ಲ್ಯಾಬ್ ಸರ್? "ವಿದೇಶದ ಲ್ಯಾಬ್ ಮೇಡಂ." ಯಾವ ದೇಶ? ನೋಡಿದರು, ಉತ್ತರ ಇಲ್ಲ. ವರದಿಯ ನಂಬರ್ ಕೊಡಿ ಎಂದೆ. "ವರದಿ ಗೌಪ್ಯ ಮೇಡಂ, ಹೊರಗೆ ಬಂದರೆ ಸರ್ಕಾರದವರು ಜಾಗ ಮುಚ್ಚಿಬಿಡ್ತಾರೆ." ಗೌಪ್ಯವಾದ ವರದಿಯನ್ನು ಜೀಪಿನಲ್ಲಿ ಬಂದವರಿಗೆಲ್ಲ ಯಾಕೆ ಹಂಚಿದಿರಿ? ಉತ್ತರ ಇಲ್ಲ. ಕೊಟ್ಟಿಗೆ ಗೋಡೆಯ ಫೋಟೋ ಹಾಕಿದೆ. "ಊರಿನವರು ಪಿರಮಿಡ್ಡಿನ ಕಲ್ಲು ಕದ್ದು ಮನೆ ಕಟ್ಟಿಕೊಂಡಿದ್ದಾರೆ, ಅವರಿಗೆ ಮಹತ್ವ ಗೊತ್ತಿಲ್ಲ." ಊಟ ಹಾಕಿದ ಮನೆಯವರನ್ನು ಕಳ್ಳರು ಮಾಡಿದರು!

ಆಮೇಲೆ ಒಂದು ಲಿಂಕ್ ಕಳಿಸಿದರು, "ಟರ್ಕಿಯಲ್ಲಿದೆ, ಇಂಡೋನೇಷ್ಯಾದಲ್ಲಿದೆ, ನಮ್ಮಲ್ಲಿ ಯಾಕಿರಬಾರದು?" ಟರ್ಕಿಯ ಗೊಬೆಕ್ಲಿ ತೆಪೆ ಎಂಬ ಆದಿಕಾಲದ ಕಲ್ಲಿನ ನೆಲೆಯಲ್ಲಿ 1995ರಿಂದ ಅಗೆದಿದ್ದಾರೆ. ಕಲ್ಲಿನ ಉಪಕರಣ ಸಿಕ್ಕಿವೆ, ತಿಂದು ಬಿಸಾಡಿದ ಪ್ರಾಣಿಗಳ ಮೂಳೆ ಸಿಕ್ಕಿವೆ, ಇದ್ದಿಲು ಸಿಕ್ಕಿದೆ. ಇಲ್ಲಿ ಏನು ಸಿಕ್ಕಿದೆ? ಇನ್ನು ಇಂಡೋನೇಷ್ಯಾದ ಗುನುಂಗ್ ಪದಂಗ್. ಅದೂ ಬೆಟ್ಟವೇ, ಅದನ್ನೂ ಪಿರಮಿಡ್ಡು ಎಂದರು. 25,000 ವರ್ಷಕ್ಕೂ ಹಳೆಯದು ಎಂದು 2023ರಲ್ಲಿ ಪ್ರಬಂಧ ಬಂತು. 2024ರ ಮಾರ್ಚಿನಲ್ಲಿ ಅದನ್ನು ಅಚ್ಚು ಹಾಕಿದ ಸಂಶೋಧನಾ ಪತ್ರಿಕೆಯವರೇ ಅದನ್ನು ವಾಪಸ್ ತೆಗೆದುಕೊಂಡರು. ಯಾಕೆ ಗೊತ್ತಾ? ಅವರು ಕಾಲ ಅಳೆದದ್ದು ಬರೀ ಮಣ್ಣಿನದ್ದು. ಆ ಮಣ್ಣಿನ ಜೊತೆ ಮನುಷ್ಯರು ಮಾಡಿದ ಒಂದು ವಸ್ತುವೂ ಇರಲಿಲ್ಲ. ಮಣ್ಣು ಹಳೆಯದು ಅಂದ ಮಾತ್ರಕ್ಕೆ ಅಲ್ಲಿ ಯಾರೋ ಕಟ್ಟಿದರು ಅಂತ ಆಗುವುದಿಲ್ಲ. ಇವರು ಕಳಿಸಿದ ಲಿಂಕ್ ಇವರನ್ನೇ ಸುಳ್ಳು ಮಾಡುತ್ತದೆ. ಇದನ್ನು ಬರೆದೆ. ಬಂದ ಉತ್ತರ: "ನಿಮ್ಮಂಥ ಓದಿದವರಿಗೇ ನಮ್ಮ ಪರಂಪರೆ ಬಗ್ಗೆ ಅಭಿಮಾನ ಇಲ್ಲ. ನಿಮ್ಮ ಮಗನಿಗೆ ಏನು ಕಲಿಸ್ತೀರಿ?"

ಈ ಮಾತಿಗೆ ಉರಿದು ಹೋಯಿತು. ಅಭಿಮಾನ ಇಲ್ವಂತೆ. ತಾಳಗುಂದ ಇರುವುದು ನಮ್ಮ ಜಿಲ್ಲೆಯಲ್ಲಿ. ಅಲ್ಲಿನ ಸಿಂಹಕಟಾಂಜನ ಶಾಸನ ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯ ಕನ್ನಡ ಎಂದು ಪುರಾತತ್ವ ಇಲಾಖೆಯವರು 2016ರಲ್ಲಿ ಹೇಳಿದರು. ಅಗೆದು, ಅಕ್ಷರ ಓದಿ, ಎಲ್ಲರ ಮುಂದೆ ಇಟ್ಟು ಹೇಳಿದರು. ಒಪ್ಪದವರು ವಾದ ಮಾಡಬಹುದು, ಕಲ್ಲು ಕಣ್ಣ ಮುಂದೆ ಇದೆ. ಹೊಸನಗರ ತಾಲ್ಲೂಕಿನ ಬೈಸೆ, ನಿಲಸ್ಕಲ್ಲಿನಲ್ಲಿ ಬೃಹತ್ ಶಿಲಾಯುಗದ ನಿಲುವುಗಲ್ಲುಗಳಿವೆ. ಸಂಶೋಧಕರಾದ ಶ್ರೀಕುಮಾರ್ ಮೆನನ್, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮಯಾಂಕ್ ವಾಹಿಯಾ ಮತ್ತು ಜೊತೆಯವರು ಅವುಗಳ ಜಾಗ ಒಂದೊಂದಾಗಿ ಅಳೆದು, ಜೂನ್ ಮತ್ತು ಡಿಸೆಂಬರಿನಲ್ಲಿ ಸೂರ್ಯ ಉತ್ತರ, ದಕ್ಷಿಣದ ತುದಿ ಮುಟ್ಟುವ ದಿನಗಳ ಉದಯ, ಅಸ್ತದ ದಿಕ್ಕಿಗೆ ಹಲವು ಜೋಡಿ ಕಲ್ಲುಗಳು ಹೊಂದುತ್ತವೆ ಎಂದು ತೋರಿಸಿದ್ದಾರೆ. ಈ ತಂಡದವರು "ಸೂರ್ಯ" ಅನ್ನುವ ಮಾತು ಕದ್ದದ್ದೇ ಅಲ್ಲಿಂದ ಅಂತ ನನಗೆ ಅನಿಸುತ್ತದೆ. ನಿಜವಾದದ್ದನ್ನು ಕಾಯುವವರಿಲ್ಲದೆ ಅಡಿಕೆ ತೋಟದ ಮಧ್ಯೆ ಬಿಟ್ಟು, ಕ್ವಾರಿಗೆ ಹೂ ಹಾಕಿಸುತ್ತಿದ್ದಾರೆ.

ಇಷ್ಟರಲ್ಲೇ ಮುಗಿದಿದ್ದರೆ ದುಡ್ಡು ಹೋಯಿತು ಎಂದು ಬಿಡಬಹುದಿತ್ತು. ಆದರೆ ಅವರು ಲಿಂಗಮುದ್ರೆ ಕಲ್ಲಿನ ಗೆರೆಗೆಲ್ಲ ಬಿಳಿ ಆಯಿಲ್ ಪೇಂಟ್ ತುಂಬಿದ್ದಾರೆ, ವಿಡಿಯೋದಲ್ಲಿ ಚೆನ್ನಾಗಿ ಕಾಣಲಿ ಎಂದು. ಪಕ್ಕದಲ್ಲಿ ಧ್ಯಾನದ ಕಟ್ಟೆ ಎಂದು ಸಿಮೆಂಟ್ ಸುರಿದಿದ್ದಾರೆ. ಆ ಕಲ್ಲಿನ ಬುಡದಲ್ಲಿ ಅಕ್ಷರ ಇದ್ದಿದ್ದರೆ ಅದು ಈಗ ಸಿಮೆಂಟಿನ ಅಡಿ. ಹಿಂದೆ ಮೈಸೂರಿನ ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ನಮ್ಮ ಜಿಲ್ಲೆಯ ಊರೂರಿನ ಶಾಸನ ಓದಿಸಿ 1902 ಮತ್ತು 1904ರಲ್ಲಿ ಎರಡು ಸಂಪುಟ ಅಚ್ಚು ಹಾಕಿಸಿದರು. ಆ ಕಾಲದಿಂದ ಉಳಿದುಕೊಂಡು ಬಂದ ಕಲ್ಲುಗಳನ್ನು ಒಂದು ಡಬ್ಬಿ ಪೇಂಟಿನಲ್ಲಿ ಹಾಳು ಮಾಡುತ್ತಿದ್ದಾರೆ.

ದುಡ್ಡು ವಾಪಸ್ ಕೇಳಿದ್ದಕ್ಕೆ, "ಜೀಪ್ ಹತ್ತಲಿಲ್ವಾ ಮೇಡಂ, ಊಟ ಮಾಡಲಿಲ್ವಾ?" ಎಂದು ಕೇಳಿ ಗುಂಪಿನಿಂದ ತೆಗೆದುಹಾಕಿದರು. ಡಬ್ಬಿಗೆ ಹಾಕಿದ್ದಕ್ಕೆ ರಸೀದಿಯೂ ಇಲ್ಲ.

ಯಾರಾದರೂ ನಿಮ್ಮನ್ನು ಇಂಥ ಕಡೆ ಕರೆದರೆ ದುಡ್ಡು ಕಟ್ಟುವ ಮೊದಲು ಮೂರು ಮಾತು ಕೇಳಿ. ಯಾವ ವಸ್ತುವಿನ ಕಾಲ ಅಳೆದಿದ್ದೀರಿ? ಲ್ಯಾಬಿನವರು ಪ್ರತಿ ಮಾದರಿಗೂ ಕೊಡುವ ನಂಬರ್ ಯಾವುದು? ಅಗೆಯಲು ಅನುಮತಿ ಕೊಟ್ಟವರು ಯಾರು? ಉತ್ತರಕ್ಕೆ ಬದಲು ನಿಮ್ಮ ಅಭಿಮಾನದ ಮಾತು ಎತ್ತಿದರೆ ಅಲ್ಲೇ ಬಿಡಿ. ಹೋದರೂ ಆ ಊರಿನ ಹಿರಿಯರನ್ನು ಮೊದಲು ಮಾತಾಡಿಸಿ, ಗೈಡನ್ನಲ್ಲ. ಹಳೆಯ ಕಲ್ಲು ಸಿಕ್ಕರೆ ಸುಣ್ಣ, ಪೇಂಟ್, ಎಣ್ಣೆ ಹಚ್ಚಬೇಡಿ, ಫೋಟೋ ತೆಗೆದು ಶಿವಪ್ಪನಾಯಕ ಅರಮನೆಯ ಮ್ಯೂಸಿಯಂನವರಿಗೋ ಕೆಳದಿ ಮ್ಯೂಸಿಯಂನವರಿಗೋ ತೋರಿಸಿ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು ನಮ್ಮ ರಾಜ್ಯದ 1962ರ ಕಾಯ್ದೆಯೇ ಇದೆ, ಮುಚ್ಚಿಟ್ಟವರಿಗೆ ಜೈಲಾಗಬಹುದು.

ಗುಂಡಿಯ ಫೋಟೋ, ಪೇಂಟಿನ ಫೋಟೋ ಸೇರಿಸಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದೇವೆ, ಚಿಕ್ಕಪ್ಪನೂ ಸಹಿ ಹಾಕಿದ್ದಾರೆ. ಆ ತಂಡ ಈಗ ಹೆಸರು ಬದಲಾಯಿಸಿಕೊಂಡು ದಸರಾ ರಜೆಗೆ ಬುಕಿಂಗ್ ಶುರು ಮಾಡಿದೆ. ವಿಡಿಯೋ ಮಾತ್ರ ಹಳೆಯದೇ, ಬಿಳಿ ಪೇಂಟಿನ ಲಿಂಗಮುದ್ರೆ ಕಲ್ಲು ಮೊದಲಲ್ಲೇ ಬರುತ್ತದೆ. ಅದನ್ನು ನೋಡಿದರೆ ಇವರೇ ಅಂತ ಗೊತ್ತು ಮಾಡಿಕೊಳ್ಳಿ.