ಐದು ಮಿಲಿಸೆಕೆಂಡಿಗೊಮ್ಮೆ ಟಾಸ್ಕ್ ಎಬ್ಬಿಸಲು ನಾಲ್ಕು ದಾರಿ

ಪರದೆಯ ಮೇಲೆ ಮೋಟರಿನ ವೇಗ 1000 ಆರ್‌ಪಿಎಂ. ಗೆಳೆಯನಿಂದ ಇಸಿದುಕೊಂಡ ಟ್ಯಾಕೋಮೀಟರಿನಲ್ಲಿ 830ರ ಆಸುಪಾಸು. ಪುಣೆಯ ಕೋಥ್ರೂಡಿನ ನಮ್ಮ ರೂಮಿನಲ್ಲಿ ಮಧ್ಯರಾತ್ರಿ ಮೀರಿತ್ತು. ಬುಧವಾರ ಪೇಠೆಯಿಂದ ತಂದ ಎನ್‌ಕೋಡರ್ ಮೋಟರು (ತಿರುಗಿದಷ್ಟೂ ಪಲ್ಸು ಕೊಡುವಂಥದ್ದು), ಎಸ್‌ಟಿಎಂ32 ಬ್ಲೂ ಪಿಲ್ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು, ಅದರ ಮೇಲೆ ಫ್ರೀಆರ್‌ಟಿಒಎಸ್, ಅಂದರೆ ಚಿಪ್ಪಿನ ಹೊತ್ತನ್ನು ಹಲವು ಟಾಸ್ಕುಗಳಿಗೆ ಹಂಚುವ ಪುಟ್ಟ ಆಪರೇಟಿಂಗ್ ಸಿಸ್ಟಂ. ಟಾಸ್ಕು ಮೂರು: ಐದು ಮಿಲಿಸೆಕೆಂಡಿಗೊಮ್ಮೆ ಮೋಟರಿನ ವೇಗ ಸರಿಪಡಿಸುವುದು, ಉಷ್ಣತೆ, ಡಿಸ್‌ಪ್ಲೇ. ಬೆಳಗಾವಿಯ ರೂಮ್‌ಮೇಟ್ ಹಾಸಿಗೆಯಿಂದಲೇ, "ಮೋಟರ್ ಸುಳ್ಳು ಹೇಳಾಂಗಿಲ್ಲೋ, ನಿನ್ನ ಕೋಡ್ ನೋಡ್ಕೊ" ಅಂದ.

ಕೋಡಿನಲ್ಲಿದ್ದದ್ದು ಎಲ್ಲರೂ ಮೊದಲು ಬರೆಯುವ ವಿಟಾಸ್ಕ್‌ಡಿಲೇ. ಕೆಲಸ ಮುಗಿಸು, 5 ಟಿಕ್ ಮಲಗು. ಟಿಕ್ ಅಂದರೆ ನನ್ನಲ್ಲಿ 1 ಮಿಲಿಸೆಕೆಂಡು. ಹಿಂದಿನ ದಿನದವರೆಗೆ ಎಲ್ಲ ಸರಿಯಿತ್ತು, ಅದೇ ಮೋಸ. ಆಗ ಟಾಸ್ಕಿನ ಕೆಲಸ 0.4 ಮಿಲಿಸೆಕೆಂಡಿನಲ್ಲಿ, ಅದೇ ಟಿಕ್ಕಿನೊಳಗೆ ಮುಗಿಯುತ್ತಿತ್ತು. ಅಂದು ನಾನೊಂದು ಫಿಲ್ಟರ್ ಸೇರಿಸಿದ್ದೆ. ಈ ಚಿಪ್ಪಿನಲ್ಲಿ ದಶಮಾಂಶ ಲೆಕ್ಕಕ್ಕೆ ಪ್ರತ್ಯೇಕ ಹಾರ್ಡ್‌ವೇರ್ ಇಲ್ಲ, ಕೆಲಸ 1.3ಕ್ಕೆ ಏರಿತು. ಮಲಗುವ ಹೊತ್ತಿಗೆ ಒಂದು ಟಿಕ್ ದಾಟಿರುತ್ತದೆ, ಅಲ್ಲಿಂದ ಐದು ಎಣಿಸಿದರೆ ಒಟ್ಟು ಆರು. ವೇಗದ ಲೆಕ್ಕ ಮಾತ್ರ ಇನ್ನೂ ಐದನ್ನೇ ನಂಬಿತ್ತು. ಆರು ಮಿಲಿಸೆಕೆಂಡಿನ ಪಲ್ಸುಗಳನ್ನು ಐದರಿಂದ ಭಾಗಿಸಿ, ವೇಗ ಜಾಸ್ತಿಯಾಯಿತೆಂದು ಮೋಟರನ್ನು ತಗ್ಗಿಸುತ್ತಿತ್ತು. ಪಿನ್ನು ಯಾವಾಗ ಏರಿಳಿಯಿತೆಂದು ತೋರಿಸುವ ಲಾಜಿಕ್ ಅನಲೈಸರ್ ಸಿಕ್ಕಿಸಿ ಪಿನ್ ನೋಡಿದ ಮೇಲಷ್ಟೇ ಇದು ಗೊತ್ತಾಗಿದ್ದು. ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಎರಡನೆಯ ದಾರಿ ಎಕ್ಸ್‌ಟಾಸ್ಕ್‌ಡಿಲೇಅಂಟಿಲ್, ಹಾಕಿದ ತಕ್ಷಣ ಅವಧಿ 5.00 ಮಿಲಿಸೆಕೆಂಡಿಗೆ ಬಂತು. ನಮ್ಮವ್ವ ಮಾತ್ರೆಯನ್ನು "ಹಿಂದಿನದು ತಗೊಂಡ ಆರು ತಾಸಿಗೆ" ಅಂತ ತಗೊಂಡರೆ ದಿನಾ ಸ್ವಲ್ಪ ಸ್ವಲ್ಪ ಜರುಗುತ್ತದೆ. "ಆರಕ್ಕೆ, ಹನ್ನೆರಡಕ್ಕೆ" ಅಂದರೆ ಜರುಗುವುದಿಲ್ಲ. ಈ ಫಂಕ್ಷನ್ ಗಡಿಯಾರ ನೋಡುವ ಆ ರೀತಿಯದು: ಹಿಂದೆ ಏಳಬೇಕಿದ್ದ ಹೊತ್ತಿಗೆ ಐದು ಕೂಡಿಸುತ್ತದೆ, ಕೆಲಸ ಯಾವಾಗ ಮುಗಿಯಿತು ಎಂದು ಕೇಳುವುದಿಲ್ಲ. ಆದರೆ ಇದಕ್ಕೂ ಒಂದು ಚಾಳಿಯಿದೆ. ಡಿಸ್‌ಪ್ಲೇ ಟಾಸ್ಕಿಗೆ ಬೇಕೆಂದೇ ಮೋಟರಿಗಿಂತ ಮೇಲಿನ ಪ್ರಯಾರಿಟಿ (ಯಾರು ಮೊದಲು ಓಡಬೇಕೆಂಬ ಆದ್ಯತೆ) ಕೊಟ್ಟು ನೋಡಿದೆ. 128×64 ಒಎಲ್‌ಇಡಿಗೆ 1024 ಬೈಟು, 400 ಕಿಲೋಹರ್ಟ್ಸ್ ಐ2ಸಿ ಎಂಬ ಎರಡು ತಂತಿಯ ಸಂಪರ್ಕದಲ್ಲಿ ಸುಮಾರು 23 ಮಿಲಿಸೆಕೆಂಡು. ಅಷ್ಟು ಹೊತ್ತು ತಡೆಹಿಡಿದು ಬಿಟ್ಟ ಮೋಟರ್ ಟಾಸ್ಕು ಬಾಕಿ ತೀರಿಸಲು ಐದಾರು ಸಲ ಬೆನ್ನುಬೆನ್ನಿಗೆ ಓಡಿತು. ಮೊದಲ ಸಲಕ್ಕೆ ಎಲ್ಲ ಪಲ್ಸು, ಮಿಕ್ಕವಕ್ಕೆ ಚಿಲ್ಲರೆ. ಮೋಟರು ಗಕ್ಕನೆ ಅದುರಿತು. ತಡವಾದರೆ ಈ ಫಂಕ್ಷನ್ ಮಲಗದೆ 'ಫಾಲ್ಸ್' ಹಿಂತಿರುಗಿಸುತ್ತದೆ. ಈಗ ಅದನ್ನು ಎಣಿಸಿ ಇಡುತ್ತೇನೆ.

ಪ್ರಯಾರಿಟಿಗೆ ಹಳೆಯ ನಿಯಮವೇ ಸಾಕು: ಅವಧಿ ಚಿಕ್ಕದಾದಷ್ಟೂ ಪ್ರಯಾರಿಟಿ ಮೇಲೆ. ಲಿಯು ಮತ್ತು ಲೇಲ್ಯಾಂಡ್ 1973ರಲ್ಲೇ ತೋರಿಸಿದಂತೆ, ಒಂದಕ್ಕೊಂದು ಕಾಯದ ಮೂರು ಟಾಸ್ಕುಗಳ ಒಟ್ಟು ಹೊರೆ ಸುಮಾರು 78% ಒಳಗಿದ್ದರೆ ಯಾವುದೂ ಗಡುವು ತಪ್ಪುವುದಿಲ್ಲ. ನನ್ನವು ಮೋಟರ್ 26, ಉಷ್ಣತೆ 5, ಡಿಸ್‌ಪ್ಲೇ 23. ಒಟ್ಟು 54.

ಮೂರನೆಯದು ಸಾಫ್ಟ್‌ವೇರ್ ಟೈಮರ್, ನೋಡಲು ಚೆಂದ. ಪ್ರತಿ ಕೆಲಸಕ್ಕೂ ಬೇರೆ ಸ್ಟ್ಯಾಕ್ (ಟಾಸ್ಕಿನ ಸ್ವಂತ ಮೆಮೊರಿ) ಬೇಡ. ಆದರೆ ಎಲ್ಲ ಕಾಲ್‌ಬ್ಯಾಕುಗಳೂ (ಹೊತ್ತಾದಾಗ ಟೈಮರ್ ಕರೆಯುವ ಫಂಕ್ಷನ್‌ಗಳು) ಒಂದೇ ಟೈಮರ್ ಟಾಸ್ಕಿನಲ್ಲಿ ಸಾಲುಗಟ್ಟುತ್ತವೆ. ಡಿಸ್‌ಪ್ಲೇಯನ್ನೂ ಮೋಟರನ್ನೂ ಅಲ್ಲಿ ಹಾಕಿದರೆ ಪ್ರಯಾರಿಟಿ ಹೇಳುವ ದಾರಿಯೇ ಇಲ್ಲ, 23 ಮಿಲಿಸೆಕೆಂಡು ಮೋಟರು ಅನಾಥ. ಬಜರ್ 200 ಮಿಲಿಸೆಕೆಂಡಿಗೆ ಆರಿಸಲು ಇಟ್ಟುಕೊಂಡಿದ್ದೇನೆ, ಅಷ್ಟೇ.

ನಾಲ್ಕನೆಯದು ಹಾರ್ಡ್‌ವೇರ್ ಟೈಮರಿನ ಇಂಟರಪ್ಟು (ನಡೆಯುತ್ತಿರುವ ಕೆಲಸ ತಡೆದು ಚಿಪ್ಪನ್ನು ಕರೆಯುವ ಸಂಕೇತ), ಅಲ್ಲಿಂದ ಟಾಸ್ಕಿಗೆ 'ಏಳು' ಎಂಬ ನೋಟಿಫಿಕೇಶನ್. ನಿಖರತೆಯಲ್ಲಿ ಇದನ್ನು ಯಾವುದೂ ಮೀರಿಸುವುದಿಲ್ಲ. ಟಿಕ್ಕಿನ ಹಂಗೇ ಇಲ್ಲ, 250 ಮೈಕ್ರೋಸೆಕೆಂಡು ಬೇಕೆಂದರೂ ಸೈ. ಆದರೆ ಇಂಟರಪ್ಟಿನ ಕೊನೆಗೆ ಯೀಲ್ಡ್, ಅಂದರೆ 'ಎದ್ದ ಟಾಸ್ಕಿಗೆ ಈಗಲೇ ಜಾಗ ಬಿಡು' ಎನ್ನುವ ಕರೆ, ಮರೆತೆ. ಟಾಸ್ಕು ಮುಂದಿನ ಟಿಕ್ಕಿನವರೆಗೆ ಕಾಯುತ್ತಾ ಕೂತಿತು, ನಾನು ಒಂದು ಸಂಜೆ ಕಳೆದುಕೊಂಡೆ. ಇಂಟರಪ್ಟ್ ಪ್ರಯಾರಿಟಿಯ ಅಂಕಿ ಈ ಚಿಪ್ಪಿನೊಳಗಿನ ಕಾರ್ಟೆಕ್ಸ್‌-ಎಂ ಪ್ರೊಸೆಸರಿನಲ್ಲಿ ತಲೆಕೆಳಗು, ಚಿಕ್ಕ ಸಂಖ್ಯೆಯೇ ದೊಡ್ಡಣ್ಣ, ಅಲ್ಲೂ ಎಡವಬಹುದು. ಐದು ಮಿಲಿಸೆಕೆಂಡಿನ ಮೋಟರಿಗೆ ಇಷ್ಟೆಲ್ಲ ಬೇಡ.

ಹಾಗಾಗಿ ಮೋಟರಿಗೂ ಉಷ್ಣತೆಗೂ ಡಿಲೇಅಂಟಿಲ್. ಡಿಸ್‌ಪ್ಲೇಗೆ ಮಾತ್ರ ಆ ಹಳೆಯ ವಿಟಾಸ್ಕ್‌ಡಿಲೇಯೇ ಇದೆ, ಗೊತ್ತಿದ್ದೇ ಬಿಟ್ಟಿದ್ದೇನೆ: ಪರದೆ 100ರ ಬದಲು 130 ಮಿಲಿಸೆಕೆಂಡಿಗೆ ಬದಲಾದರೆ ಕಣ್ಣಿಗೇನೂ ತಿಳಿಯುವುದಿಲ್ಲ, ತಡವಾದಾಗ ಬಾಕಿ ತೀರಿಸಲು ಅದು ಓಡಿಬರುವುದೂ ಇಲ್ಲ.