ಹಾಸನದಲ್ಲಿ ಫ್ಲ್ಯಾಟ್: ಕಟ್ಟಿ ತೋರಿಸಿದವರೋ, ಕಟ್ಟುತ್ತೇವೆ ಎನ್ನುವವರೋ?

ಬಿ.ಎಂ. ರಸ್ತೆಯ ಆಸುಪಾಸಿನಲ್ಲಿ ಫ್ಲ್ಯಾಟ್ ಹುಡುಕುತ್ತಿರುವ ನನ್ನ ತಂಗಿಯ ಮುಂದೆ ಇಬ್ಬರು ಬಿಲ್ಡರ್‌ಗಳಿದ್ದಾರೆ. ಮೊದಲನೆಯವರು ಊರಿನಲ್ಲೇ ನಾಲ್ಕು ಅಂತಸ್ತಿನ ಮೂರು ಕಟ್ಟಡ ಮುಗಿಸಿದವರು. ಒಂದನ್ನು ಎಂಟು ತಿಂಗಳು ತಡವಾಗಿ ಕೊಟ್ಟರು, ಆದರೆ ಕೊಟ್ಟರು. ಮಳೆಗಾಲದಲ್ಲಿ ಅಲ್ಲಿಗೆ ಹೋಗಿ ಮೇಲ್ಮಹಡಿಯ ಗೋಡೆ ಮುಟ್ಟಿ ನೋಡಿದೆ, ಒಣಗಿತ್ತು. ಲಿಫ್ಟ್ ಮಾತ್ರ ಏದುಸಿರು ಬಿಡುತ್ತದೆ.

ಎರಡನೆಯವರದು ಹದಿನಾಲ್ಕು ಅಂತಸ್ತು, ಈಜುಕೊಳ, ಬಣ್ಣಬಣ್ಣದ ಕರಪತ್ರ. ಇಷ್ಟು ಎತ್ತರ ಅವರು ಎಲ್ಲಿಯೂ ಕಟ್ಟಿಲ್ಲ. ಎತ್ತರ ಹೆಚ್ಚಿದಂತೆ ಅಡಿಪಾಯ, ಅಗ್ನಿಶಾಮಕ ಇಲಾಖೆಯ ಅನುಮತಿ, ನೀರೆತ್ತುವ ಪಂಪ್, ಎಲ್ಲದರ ಲೆಕ್ಕವೇ ಬೇರೆ. ತಿಂಗಳ ನಿರ್ವಹಣಾ ಶುಲ್ಕದ್ದೂ ಸಹ.

ಮನೆ ಕೊಳ್ಳುವವರ ಹಿತ ಕಾಯುವ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಇಬ್ಬರಿಗೂ ಒಂದೇ: ಖರೀದಿದಾರರ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು, ಮಾರಾಟ ಒಪ್ಪಂದ ನೋಂದಣಿಯಾಗುವ ಮೊದಲು ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ, ಕಟ್ಟಡದ ರಚನೆಯ ದೋಷಕ್ಕೆ 5 ವರ್ಷ ಹೊಣೆ. ಎರಡನೆಯವರು ‘ಈಗಲೇ ಶೇ 25 ಕೊಟ್ಟರೆ ರಿಯಾಯಿತಿ’ ಎಂದರು. ಅಲ್ಲಿಗೇ ನನ್ನ ಮನಸ್ಸು ಮುರಿಯಿತು.

ಕಿಟಕಿಯ ನೋಟಕ್ಕೆ ಎತ್ತರದ್ದೇ ಚೆಂದ, ಒಪ್ಪುತ್ತೇನೆ. ಆದರೆ ಕೆಲಸ ನಿಂತರೆ ಬಾಡಿಗೆ, ಸಾಲದ ಕಂತು ಎರಡನ್ನೂ ಹೊರುವವಳು ಅವಳು. ಮೊದಲನೆಯವರ ಹೊಸ ಆರು ಅಂತಸ್ತಿನ ಕಟ್ಟಡವೇ ಸರಿ. ಹಳೆಯ ಮೂರಕ್ಕೂ ಸ್ವಾಧೀನಾನುಭವ ಪ್ರಮಾಣಪತ್ರ (ವಾಸಕ್ಕೆ ಯೋಗ್ಯ ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಸಿಕ್ಕಿದೆಯೇ ಎಂದು ಮುಂಗಡಕ್ಕೆ ಮೊದಲು ನೋಡಲಿ.