ಮೈನ್‌ಕ್ರಾಫ್ಟ್: ಮೂರು ವರ್ಷ ಮಗಳ ಪಕ್ಕ ಕೂತು ನೋಡಿದ ಮೇಲೆ

2022ರ ಬೇಸಿಗೆ ರಜೆಯಲ್ಲಿ ಮಗಳಿಗೆ ಮೈನ್‌ಕ್ರಾಫ್ಟ್ ಕೊಡಿಸಿದೆ. ಆಗ ನಾಲ್ಕನೇ ಕ್ಲಾಸ್ ಮುಗಿಸಿದ್ದಳು, ಈಗ ಎಂಟರಲ್ಲಿದ್ದಾಳೆ. ಬೆಂಗಳೂರಿನಲ್ಲಿ ನಮ್ಮದು ಟೈಲ್ಸು, ಪೈಪು, ಸ್ವಿಚ್ಚು ಮಾರುವ ಸಣ್ಣ ಅಂಗಡಿ. ಬಿಲ್ ಹೊಡೆಯೋಕೆ ಇಟ್ಟಿದ್ದ ಹಳೇ ಕಂಪ್ಯೂಟರನ್ನ ಮನೆಗೆ ತಂದು ಅದರಲ್ಲೇ ಹಾಕಿಕೊಟ್ಟೆ. ಆಡ್ತಾ ಆಡ್ತಾ ಮಕ್ಕಳು ಗಣಿತ ಕಲೀತಾರೆ ಅಂತ ಯಾರೋ ಹೇಳಿದ್ದು ಕೇಳಿ ತಂದದ್ದು. ಕಲೀತಾರಾ ಅಂದರೆ, ಹೌದು ಕಲೀತಾರೆ. ಆದರೆ ಕಲಿತದ್ದು ಆಟದ ಒಳಗೇ ಕೂತುಬಿಡುತ್ತೆ. ಅದನ್ನು ನೋಟ್‌ಬುಕ್ಕಿನವರೆಗೆ ಕೈಹಿಡಿದು ಕರೆತರೋದು ನಮ್ಮ ಕೆಲಸ. ಇದು ನನಗೆ ಗೊತ್ತಾಗೋಕೆ ಒಂದೂವರೆ ವರ್ಷ ಹಿಡೀತು.

ಗೊತ್ತಿಲ್ಲದವರಿಗೆ ಹೇಳೋದಾದರೆ, ಇದು ಸ್ವೀಡನ್ನಿನ ಮೋಜಾಂಗ್ ಕಂಪನಿಯ ಆಟ. ಪೂರ್ಣ ಆವೃತ್ತಿ ಬಂದದ್ದು 2011ರಲ್ಲಿ, ಮೈಕ್ರೋಸಾಫ್ಟ್ ಅದನ್ನು ಕೊಂಡದ್ದು 2014ರಲ್ಲಿ. ಒಳಗಿನ ಲೋಕವೆಲ್ಲ ಮೀಟರ್ ಉದ್ದ, ಮೀಟರ್ ಅಗಲ, ಮೀಟರ್ ಎತ್ತರದ ಬ್ಲಾಕುಗಳು. ಅಗೀಬೇಕು, ಕಟ್ಟಬೇಕು, ಗೋಧಿ ಬೆಳೀಬೇಕು, ರಾತ್ರಿ ಬರುವ ಜೋಂಬಿಗಳಿಂದ ತಪ್ಪಿಸಿಕೊಳ್ಳಬೇಕು. ಇಂಥದ್ದೇ ಮಾಡು ಅಂತ ಯಾರೂ ಹೇಳೋದಿಲ್ಲ.

ಮೊದಲ ವರ್ಷವೆಲ್ಲ ಎಣಿಕೆಯಲ್ಲೇ ಹೋಯಿತು. ಕುಲುಮೆಗೆ ಒಂದು ಕಲ್ಲಿದ್ದಲು ಹಾಕಿದರೆ ಎಂಟು ಅದಿರು ಕರಗುತ್ತೆ. ಒಂದು ಖಾನೆಯಲ್ಲಿ 64 ಬ್ಲಾಕ್ ಹಿಡಿಯುತ್ತೆ, ಒಂದು ಪೆಟ್ಟಿಗೆಗೆ 27 ಖಾನೆ. ಒಂದಿನ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು "ಅರವತ್ನಾಲ್ಕ್ ಒಂದ್ಲೆ ಅರವತ್ನಾಲ್ಕು, ಅರವತ್ನಾಲ್ಕ್ ಎರಡ್ಲೆ ನೂರಾ ಇಪ್ಪತ್ತೆಂಟು" ಅಂತ ರಾಗವಾಗಿ ಹೇಳುತ್ತಿದ್ದಳು. ಹನ್ನೆರಡರ ಮಗ್ಗಿಗೇ ಅಳುತ್ತಿದ್ದ ಹುಡುಗಿ ಇವಳು! 64ರ ಮಗ್ಗಿಯನ್ನ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಹೊಲದ ಲೆಕ್ಕವೂ ಹಾಗೇ. ನೀರಿನ ಒಂದು ಬ್ಲಾಕ್ ಸುತ್ತಲೂ ನಾಲ್ಕು ಬ್ಲಾಕ್ ದೂರದವರೆಗೆ ಮಣ್ಣನ್ನು ತೇವ ಇಡುತ್ತೆ. ಅಂದರೆ ಒಂಬತ್ತು ಒಂಬತ್ಲೆ ಎಂಬತ್ತೊಂದು, ನಡುವಿನ ನೀರು ಕಳೆದರೆ ಎಂಬತ್ತು ಗದ್ದೆ. ಈ ಲೆಕ್ಕ ಒಂದಿನ ನಮ್ಮ ಅಂಗಡಿಗೂ ಬಂತು. ಗಿರಾಕಿ ಒಬ್ಬರು ಹತ್ತು ಹನ್ನೆರಡು ಅಡಿಯ ರೂಮಿಗೆ ಎರಡು ಬೈ ಎರಡರ ಟೈಲ್ಸ್ ಕೇಳಿದರು. ನಾನು ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಇವಳು ಸ್ಟೂಲ್ ಮೇಲಿಂದಲೇ "ಮೂವತ್ತು ಪೀಸು" ಅಂದಳು. ಆಮೇಲೆ ಒಂದು ಕ್ಷಣ ಯೋಚಿಸಿ, "ಬಾಕ್ಸಿಗೆ ನಾಲ್ಕು ಅಲ್ವಾ ಅಪ್ಪ, ಎಂಟು ಬಾಕ್ಸ್ ಕೊಡು, ಎರಡು ಮಿಗುತ್ತೆ." ಕಟಿಂಗಿನಲ್ಲಿ ಒಡೆಯೋದಕ್ಕೆ ಎರಡು ಸಾಲದು, ಒಂಬತ್ತು ಬಾಕ್ಸ್ ಕಳಿಸಿದೆ. ಆಟದಲ್ಲಿ ಟೈಲ್ಸ್ ಒಡೆಯೋದಿಲ್ಲವಲ್ಲ.

ಈಗ ಒಂದೂವರೆ ವರ್ಷದ ಮಾತಿಗೆ ಬರುತ್ತೇನೆ. ಆಟದಲ್ಲಿ ನಾವೆಲ್ಲಿದ್ದೇವೆ ಅಂತ ಮೂರು ಸಂಖ್ಯೆಯಲ್ಲಿ ತೋರಿಸುತ್ತೆ, ಅದರಲ್ಲಿ ಒಂದು ಎತ್ತರ. ಸಮುದ್ರದ ನೀರು ಇರೋದು ಸುಮಾರು 63ರಲ್ಲಿ. 2021ರ ಕೊನೆಗೆ ಬಂದ ಅಪ್‌ಡೇಟಿನಿಂದ ಲೋಕದ ತಳ ಮೈನಸ್ 64ಕ್ಕೆ ಇಳಿದಿದೆ. ವಜ್ರ ಹೆಚ್ಚಾಗಿ ಸಿಗೋದು ಆ ತಳದ ಹತ್ತಿರ, ಮೈನಸ್ 59ರ ಸುತ್ತಮುತ್ತ. ಇವಳ ಮನೆ 70ರಲ್ಲಿತ್ತು. "ಗಣಿಗೆ ಎಷ್ಟು ಮೆಟ್ಟಿಲು ಕಡಿಯಬೇಕೇ?" ಅಂತ ಕೇಳಿದರೆ ಊಟದ ತಟ್ಟೆಯಿಂದ ತಲೆ ಎತ್ತದೆ "ನೂರಾ ಇಪ್ಪತ್ತೊಂಬತ್ತು" ಅನ್ನೋಳು. ಆರನೇ ಕ್ಲಾಸಲ್ಲಿ ಪೂರ್ಣಾಂಕದ ಪಾಠ ಬಂತು. ಟೆಸ್ಟಿನಲ್ಲಿ ಎಪ್ಪತ್ತರಿಂದ ಮೈನಸ್ ಐವತ್ತೊಂಬತ್ತನ್ನು ಕಳೆ ಅನ್ನುವಂಥದ್ದೇ ಲೆಕ್ಕ. ಇವಳು ಬರೆದ ಉತ್ತರ ಹನ್ನೊಂದು.

ನನಗೆ ಸಿಟ್ಟಿಗಿಂತ ಆಶ್ಚರ್ಯ ಆಯಿತು. ಪುಸ್ತಕ ತೆಗೆದು ನೋಡಿದೆ. ಅಲ್ಲಿ ಸಂಖ್ಯಾರೇಖೆ ಮಲಗಿತ್ತು, ಎಡಕ್ಕೆ ಮೈನಸ್, ಬಲಕ್ಕೆ ಪ್ಲಸ್. ನಾನು ಏನೂ ಹೇಳದೆ ಪುಸ್ತಕವನ್ನೇ ತಿರುಗಿಸಿ ಗೆರೆಯನ್ನ ನೆಟ್ಟಗೆ ನಿಲ್ಲಿಸಿದೆ. ಮೇಲೆ ಒಂದು ಮನೆ ಬರೆದೆ, ಕೆಳಗೆ ಒಂದು ವಜ್ರ. ಸೊನ್ನೆಯ ಹತ್ತಿರ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. "ಅಯ್ಯೋ, ಇದು ಅದೇನಾ?" ಅಂದಳು. ಅವತ್ತಿನಿಂದ ಈವರೆಗೆ ಮೈನಸ್ ಲೆಕ್ಕ ಬಂದಾಗೆಲ್ಲ ಅಂಚಿನಲ್ಲಿ ಒಂದು ನಿಂತ ಗೆರೆ ಎಳೀತಾಳೆ. ಒಂದೂವರೆ ವರ್ಷ ಅವಳು ಆ ಮೆಟ್ಟಿಲನ್ನ ಇಳಿದು ಹತ್ತಿ ಮಾಡಿದ್ದಳು. ಪುಸ್ತಕದ ಗೆರೆಯೂ ಅದೇ ಮೆಟ್ಟಿಲು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ತಪ್ಪು ಪಾಠಗಳೂ ಇವೆ. ಕಾಂಡ ಕಡಿದರೆ ಮರದ ತಲೆ ಗಾಳಿಯಲ್ಲೇ ನಿಂತಿರುತ್ತೆ. ಎರಡು ಬೈ ಎರಡರ ಗುಂಡಿ ತೋಡಿ, ಎದುರು ಬದುರು ಮೂಲೆಗೆ ಎರಡು ಬಕೆಟ್ ನೀರು ಸುರಿದರೆ ಮುಗಿಯದ ಬಾವಿ ರೆಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ಬೆಂಗಳೂರೇ ಟ್ಯಾಂಕರಿಗೆ ಕಾಯುತ್ತಿದ್ದಾಗ, ಅಕ್ಕನ ಪಕ್ಕ ಕೂತು ನೋಡುತ್ತಿದ್ದ ಆರು ವರ್ಷದ ತಮ್ಮ ಸಂಪಿನ ಮುಚ್ಚಳದ ಹತ್ತಿರ ನಿಂತು "ಇದರಲ್ಲೂ ಎರಡು ಬಕೆಟ್ ಹಾಕೋಣ ಅಪ್ಪ" ಅಂದ. ನಕ್ಕೆವು. ಆಮೇಲೆ ಕೂರಿಸಿಕೊಂಡು ಹೇಳಬೇಕಾಯಿತು.

ರೆಡ್‌ಸ್ಟೋನ್ ಅನ್ನುವ ಪುಡಿ ಆಟದೊಳಗಿನ ಕರೆಂಟು. ಹದಿನೈದು ಬ್ಲಾಕ್ ಹೋಗುವಷ್ಟರಲ್ಲಿ ಅದರ ಬಲ ಮುಗಿಯುತ್ತೆ, ಮುಂದೆ ಹೋಗಬೇಕಾದರೆ ನಡುವೆ ರಿಪೀಟರ್ ಬೇಕು. ಮೆಟ್ಟಿಲ ಮೇಲೊಂದು, ಕೆಳಗೊಂದು ಲಿವರ್ ಇಟ್ಟು ಒಂದೇ ದೀಪ ಉರಿಸೋಕೆ ನಾಲ್ಕು ದಿನ ಒದ್ದಾಡಿದಳು. ಅಂಗಡಿಗೆ ಟೂ ವೇ ಸ್ವಿಚ್ ಒಯ್ಯೋಕೆ ಬಂದ ಎಲೆಕ್ಟ್ರಿಷಿಯನ್ ಹತ್ತಿರ "ಅಣ್ಣಾ, ಇದು ಒಳಗೆ ಹೇಗೆ?" ಅಂತ ಕೇಳಿದಳು. ಅವರು ಬಿಲ್ಲಿನ ಹಿಂದೆ ಚಿತ್ರ ಬರೆದುಕೊಟ್ಟರು. ಆ ವೈರಿಂಗ್ ಆಟದಲ್ಲಿ ಹಾಗೇ ಕೂರಲಿಲ್ಲ. ಆದರೆ ಅವರು ಹೇಳಿದ ಒಂದು ಮಾತು ಸಾಕಾಯಿತು: ಎರಡೂ ಒಂದೇ ಕಡೆ ಇದ್ದರೆ ಆರಬೇಕು, ಬೇರೆ ಬೇರೆ ಕಡೆ ಇದ್ದರೆ ಉರೀಬೇಕು. ನಾಲ್ಕು ಸಾಲಿನ ಪಟ್ಟಿ ಬರೆದುಕೊಂಡು ಕೂತು ಮಾಡಿ ಮುಗಿಸಿದಳು. ವೋಲ್ಟೇಜು, ಅರ್ತಿಂಗು ಇಲ್ಲಿ ಏನೂ ಬರಲ್ಲ, ಬರಿಗೈಯಲ್ಲಿ ಮುಟ್ಟಿದರೂ ಶಾಕ್ ಹೊಡೆಯಲ್ಲ. ಮನೆಯ ಪ್ಲಗ್ ಹಾಗಲ್ಲ ಅಂತ ಚಿಕ್ಕವನಿಗೆ ಬೇರೆಯಾಗಿ ಹೆದರಿಸಿಟ್ಟಿದ್ದೇವೆ.

ನಮ್ಮನೆಯ ದೊಡ್ಡ ಜಗಳ ಹೊತ್ತಿನದು. "ಇನ್ನು ಮೂರೇ ದಿನ ಆಡ್ತೀನಿ ಅಪ್ಪ" ಅಂತಾಳೆ. ಆಟದ ಒಂದು ದಿನ ಅಂದರೆ ನಮ್ಮ ಇಪ್ಪತ್ತು ನಿಮಿಷ, ಒಂದು ಗಂಟೆ ಅಂತ ನಾನೂ ಒಪ್ಪಿಕೊಂಡೆ. ಹಾಸಿಗೆಯಲ್ಲಿ ಮಲಗಿದರೆ ರಾತ್ರಿ ಹಾರಿಹೋಗಿ ದಿನ ಬೇಗ ಮುಗಿಯುತ್ತೆ. ಅದಕ್ಕೇ ಈ ಕಳ್ಳಿ ಮಲಗೋದನ್ನೇ ಬಿಟ್ಟಳು. ಮೂರು ದಿನ ಮಲಗದಿದ್ದರೆ ಫ್ಯಾಂಟಮ್ ಅನ್ನುವ ಹಾರುವ ಪಿಶಾಚಿಗಳು ಬಂದು ಎರಗುತ್ತವೆ. ನಾನು ಬೈದದ್ದಕ್ಕಿಂತ ಅವು ಹೆಚ್ಚು ಕೆಲಸ ಮಾಡಿದವು. ಆದರೂ ಆ ವರ್ಷ ಸಮಾಜ, ಕನ್ನಡ ಎರಡರಲ್ಲೂ ಅಂಕ ಜಾರಿತು. ಆಟವನ್ನ ಬೈಯೋಕೆ ನನಗೆ ಬಾಯಿಲ್ಲ, ಮೌಸ್ ಕೈಗೆ ಕೊಟ್ಟವನು ನಾನೇ.

ಕೊಳ್ಳುವವರಿಗೆ ನಾನು ಹೇಳೋದು ಇಷ್ಟು. ಶುರುವಿಗೇ ಕೋಆರ್ಡಿನೇಟ್ಸ್, ಅಂದರೆ ನಾವೆಲ್ಲಿದ್ದೇವೆ ಅಂತ ತೋರಿಸುವ ಆ ಮೂರು ಸಂಖ್ಯೆ, ಆನ್ ಮಾಡಿಸಿ. ಬೇಕಾದ್ದನ್ನೆಲ್ಲ ತಾವೇ ಅಗೆದು ಕೂಡಿಸಿಕೊಳ್ಳಬೇಕಾದ ಸರ್ವೈವಲ್ ಅನ್ನುವ ಬಗೆಯಲ್ಲಿ ಆಡಲಿ. ಕ್ರಿಯೇಟಿವ್‌ನಲ್ಲಿ ಎಲ್ಲವೂ ಬೇಕಾದಷ್ಟು ಸಿಗುವುದರಿಂದ ಎಣಿಸುವ ಗೋಜೇ ಇರಲ್ಲ. ಗೊತ್ತಿಲ್ಲದವರ ಆನ್‌ಲೈನ್ ಸರ್ವರಿಗೆ ನಾವಂತೂ ಬಿಟ್ಟಿಲ್ಲ. ವಾರಕ್ಕೊಮ್ಮೆಯಾದರೂ ಪಕ್ಕ ಕೂತು "ಇದಕ್ಕೆಷ್ಟು ಬೇಕು?" ಅಂತ ಕೇಳಿ. ಪರೀಕ್ಷೆ ತಗೊಳ್ಳೋರ ಥರ ಕೇಳಿದರೆ ಎದ್ದು ಹೋಗ್ತಾರೆ.

ಇನ್ನೊಂದು ಮಾತು. ಸಾಗರದಲ್ಲಿ ಅಮ್ಮನ ಹತ್ತಿರ ಹಲಸಿನ ಮರದ ಹಳೇ ಅಳಿಗುಳಿ ಮಣೆ ಇದೆ. ಏಳೇಳರ ಎರಡು ಸಾಲು, ಗುಳಿಗೆ ನಾಲ್ಕರಂತೆ ಐವತ್ತಾರು ಹುಣಿಸೆಬೀಜ. ಕಳೆದ ದಸರೆಗೆ ಹೋದಾಗ ಮೊಮ್ಮಗಳು ಮೂರು ಆಟ ಸೋತಳು. ನಾಲ್ಕನೇ ಆಟದಲ್ಲಿ ಬೀಜ ತುಂಬಿದ ಗುಳಿಯೊಂದಕ್ಕೆ ಆಸೆಯಿಂದ ಕೈ ಹಾಕಿದಾಗ, ಅಮ್ಮ ಹೂಬತ್ತಿ ಹೊಸೆಯುತ್ತಲೇ "ಹದಿನಾಲ್ಕು ಇದೆ ಪುಟ್ಟಿ, ಸುತ್ತಿ ಅಲ್ಲಿಗೇ ಬರ್ತೀಯ" ಅಂದರು. ಇವಳು ಎಣಿಸಿದಳು. ಹದಿನಾಲ್ಕೇ ಇತ್ತು. ಬೀಜ ಹಾಗೇ ಬಿಟ್ಟು ಪಕ್ಕದ ಗುಳಿ ಎತ್ತಿದಳು, ಆಟ ಅವಳದ್ದಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ "ಇಪ್ಪತ್ತು ಇದ್ದರೆ ಆರನೇ ಗುಳಿಗೆ ಅಲ್ವಾ ಅಪ್ಪ?" ಅಂತ ಕೇಳಿದಳು. ಶೇಷದ ಪಾಠ ಅಷ್ಟು ಸಲೀಸಾಗಿ ಕಂಪ್ಯೂಟರಿನಿಂದ ಬಂದದ್ದನ್ನು ನಾನು ನೋಡಿಲ್ಲ. ಮಣೆಗೆ ಕರೆಂಟೂ ಬೇಡ.

ಸದ್ಯಕ್ಕೆ ಆಟ ಬಂದ್. ಸೋಮವಾರದಿಂದ ಕಿರುಪರೀಕ್ಷೆ, ಮೌಸು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ.